ಕಿಲುಬಿಗೆ ಮರುಳಾಗುವ ಮುನ್ನ

ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದ ಕಂಚಿನ ನಾಣ್ಯ ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೂ ಸಿಗುತ್ತದೆ. ನಾಲ್ಕನೇ ಶತಮಾನದ ಟಂಕಸಾಲೆಗಳು ಇವನ್ನು ರಾಶಿಗಟ್ಟಲೆ ಹೊರತಂದಿದ್ದವು. ಹಾಗಾಗಿ ಸವೆದವು ಅಗ್ಗ. ‘ಇಷ್ಟು ಅಗ್ಗದ್ದನ್ನು ಯಾರು ನಕಲು ಮಾಡುತ್ತಾರೆ?’ ಎಂದು ನನ್ನಂಥ ಹವ್ಯಾಸಿ ಗೆಳೆಯರು ಕೇಳುತ್ತಾರೆ. ಆ ನಂಬಿಕೆಯೇ ಖೋಟಾಗಾರರ ಬಂಡವಾಳ. ಮಾದರಿ ಅಪರೂಪವಾದರೆ, ಚಿತ್ರ ಸ್ಪಷ್ಟವಾಗಿದ್ದರೆ ಬೆಲೆ ಹತ್ತಾರು ಪಟ್ಟು ಏರುತ್ತದೆ. ಸಾಮಾನ್ಯ ನಾಣ್ಯದ ಮೇಲೆ ಉಳಿ ಆಡಿಸಿ ಅಪರೂಪದ್ದೆಂದು ಮಾರುವವರೂ ಇದ್ದಾರೆ.

ಮೋಸ ಪತ್ತೆಹಚ್ಚುವುದು ಪಂಡಿತರಿಗಷ್ಟೇ ಸಾಧ್ಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಕಾಲದ ನಾಣ್ಯಗಳನ್ನು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದು ಟಂಕಿಸುತ್ತಿದ್ದರು. ನಕಲಿಗಳಲ್ಲಿ ಬಹಳಷ್ಟು ಎರಕದವು. ಎರಕದ ನಾಣ್ಯದ ಅಂಚಿನಲ್ಲಿ ಬೆಸುಗೆಯಂಥ ಗೆರೆ ಅಥವಾ ಅದನ್ನು ಅಳಿಸಲು ಉಜ್ಜಿದ ಗುರುತು ಕಾಣಬಹುದು. ಮೈಮೇಲೆ ಗಾಳಿಗುಳ್ಳೆಯ ಸಣ್ಣ ಕುಳಿಗಳಿರುತ್ತವೆ, ಅಕ್ಷರಗಳು ಸಾಬೂನಿನಂತೆ ಕರಗಿರುತ್ತವೆ. ಎರಡು ನಾಣ್ಯಗಳಲ್ಲಿ ಒಂದೇ ಗೀರು, ಒಂದೇ ಬಿರುಕು, ಒಂದೇ ಆಕಾರ ಇದ್ದರೆ ಮುಗಿಯಿತು. ಕೈಯಿಂದ ಹೊಡೆದ ನಾಣ್ಯಗಳು ಹಾಗೆ ಹುಟ್ಟುವುದಿಲ್ಲ.

ತೂಕವನ್ನೂ ಕೇಳಿ. ಇಬ್ಬರು ಸೈನಿಕರು, ನಡುವೆ ಎರಡು ಧ್ವಜಗಳಿರುವ ನಾಣ್ಯ ಸುಮಾರು 2.5 ಗ್ರಾಂ. 335ರ ಆಸುಪಾಸಿನಲ್ಲಿ ತೂಕ ಇಳಿದು, ಧ್ವಜವೂ ಒಂದಾಯಿತು. ಒಂದೇ ಧ್ವಜದ ನಾಣ್ಯ 4 ಗ್ರಾಂ ತೂಗಿದರೆ ಅನುಮಾನಿಸಲೇಬೇಕು. ಕೆಳಗಿನ ಅಕ್ಷರಗಳು ಟಂಕಸಾಲೆಯ ಗುರುತು. ಅವನ್ನು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಉಚಿತ ಆನ್‌ಲೈನ್ ಪಟ್ಟಿಯೊಂದಿಗೆ ತಾಳೆ ನೋಡಬಹುದು. ಮರುಭೂಮಿಯ ಮಣ್ಣು ಮೆತ್ತಿದಂತೆ ಕಾಣಲು ಅಂಟಿನಲ್ಲಿ ಮರಳು ಹಚ್ಚುವುದೂ ಉಂಟು. ಅಸಿಟೋನ್‌ನಲ್ಲಿ ನೆನೆಸಿದರೆ ಇಂಥ ಅಂಟು, ಬಣ್ಣ ಬಿಡುತ್ತವೆ. ಶತಮಾನಗಳ ಕಿಲುಬು ಬಿಡುವುದಿಲ್ಲ.

ಆದರೆ ಒರಟಾದುದೆಲ್ಲ ಖೋಟಾ ಅಲ್ಲ. ರೋಮನ್ ಕಾಲದಲ್ಲೇ ಜನ ಚಿಲ್ಲರೆಗಾಗಿ ಅನುಕರಣೆಗಳನ್ನು ಹೊಡೆದುಕೊಂಡಿದ್ದರು. ಶ್ರೀಲಂಕಾದಲ್ಲೂ ಅಂಥವು ತಯಾರಾದವು. ಅವು ವಂಚನೆಯಲ್ಲ, ಚರಿತ್ರೆ.

ನನ್ನ ಚಿಂತೆ ಬರೀ ಜೇಬಿನದಲ್ಲ. ತಮಿಳುನಾಡಿನ ಕರೂರು, ಮದುರೆಗಳಲ್ಲೂ ಶ್ರೀಲಂಕಾದಲ್ಲೂ ಸಿಕ್ಕ ಇಂಥ ಕಂಚಿನ ನಾಣ್ಯಗಳು ಸಮುದ್ರ ವ್ಯಾಪಾರದ ಸಾಕ್ಷಿಗಳು. ನಕಲಿ ನಾಣ್ಯಕ್ಕೆ ‘ಕರೂರಿನ ಹೊಳೆಯಲ್ಲಿ ಸಿಕ್ಕಿದ್ದು’ ಎಂಬ ಕಥೆ ಅಂಟಿಸಿ ಮಾರಿದರೆ, ನಾಳೆ ಅದೇ ಸಾಕ್ಷಿಯಾಗಿ ಯಾರದೋ ಲೇಖನ ಸೇರಬಹುದು. ಹಣ ಹೋದರೆ ಒಬ್ಬರ ನಷ್ಟ, ಸುಳ್ಳು ಸಾಕ್ಷಿ ಉಳಿದರೆ ಎಲ್ಲರ ನಷ್ಟ.

ಆದ್ದರಿಂದ ಮಾರುವ ತಾಣಗಳು ತೂಕ, ಅಳತೆ, ಅಂಚಿನ ಚಿತ್ರ ಮತ್ತು ವಾಪಸಾತಿಯ ಭರವಸೆಯನ್ನು ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ನಾವೇ ಕೇಳೋಣ. ಉತ್ತರ ಕೊಡದ ಮಾರಾಟಗಾರರಿಂದ ಏನನ್ನೂ ಕೊಳ್ಳದಿರೋಣ. ಕೊಳ್ಳುವವರಿಲ್ಲದ ದಿನ ಖೋಟಾದ ಕುಲುಮೆ ತಾನಾಗಿಯೇ ಆರುತ್ತದೆ.