ಬಾಯಿಯ ಹುಣ್ಣು ಕುತ್ತಿಗೆಗೆ ಇಳಿಯುವ ಮುನ್ನ

ಮೂರು ವಾರವಾದರೂ ಮಾಯದ ಬಾಯಿ ಹುಣ್ಣಿಗೆ ಮದ್ದು ಕೇಳಿಕೊಂಡು ದಯವಿಟ್ಟು ನನ್ನ ಬಳಿ ಬರಬೇಡಿ. ಯೂನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ನಮ್ಮ ವೈದ್ಯಪದ್ಧತಿಯಲ್ಲಿ ಕ್ಯಾನ್ಸರಿಗೆ ‘ಸರತಾನ್’ ಎಂದು ಹೆಸರು. ಅರಬಿಯಲ್ಲಿ ಹಾಗೆಂದರೆ ಏಡಿ. ಬಾಯಿಯ ಕ್ಯಾನ್ಸರ್ ಎಂಬ ಈ ಏಡಿ ಸಾಗುವ ದಾರಿ ಬಹುಮಟ್ಟಿಗೆ ಗೊತ್ತಿರುವಂಥದ್ದು. ಮೊದಲು ಕೆನ್ನೆಯ ಒಳಭಾಗ, ನಾಲಗೆಯ ಅಂಚು ಅಥವಾ ವಸಡಿನಲ್ಲಿ ಬೇರೂರುತ್ತದೆ. ಬಳಿಕ ದುಗ್ಧರಸ ನಾಳಗಳ ಮೂಲಕ ದವಡೆಯ ಕೆಳಗಿನ ಮತ್ತು ಕುತ್ತಿಗೆಯ ಗ್ರಂಥಿಗಳಿಗೆ ಇಳಿಯುತ್ತದೆ. ಮುಂದೆ ರಕ್ತದೊಂದಿಗೆ ಸೇರಿ ಹೆಚ್ಚಾಗಿ ಶ್ವಾಸಕೋಶಕ್ಕೆ, ಕೆಲವೊಮ್ಮೆ ಮೂಳೆಗೆ, ಯಕೃತ್ತಿಗೆ ತಲುಪುತ್ತದೆ. ಬಾಯಿಯಲ್ಲೇ ಇರುವಾಗ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ಚೆನ್ನಾಗಿರುತ್ತದೆ. ಕುತ್ತಿಗೆಯ ಗ್ರಂಥಿಗೆ ಹರಡಿದರೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಶ್ವಾಸಕೋಶ ಸೇರಿದ ಮೇಲೆ ಪೂರ್ಣ ಗುಣವಾಗುವುದು ಅಪರೂಪ.

ಈ ಪ್ರಯಾಣಕ್ಕೆ ಕಾಲಾವಕಾಶ ಕೊಡುವವರು ಹೆಚ್ಚಾಗಿ ನಾವೇ. ಗುಟ್ಕಾ ಜಗಿಯುತ್ತಿದ್ದ ಹಿರಿಯರೊಬ್ಬರು ‘ಉಷ್ಣದ ಹುಣ್ಣು’ ಎಂದುಕೊಂಡು ಆರು ತಿಂಗಳು ಜೇನು, ಪುಡಿ, ಕಷಾಯದಲ್ಲಿ ಕಳೆದು ನನ್ನಲ್ಲಿಗೆ ಬಂದರು. ಅಷ್ಟರಲ್ಲಿ ಕುತ್ತಿಗೆಯಲ್ಲಿ ನೆಲ್ಲಿಕಾಯಿಯಷ್ಟು ಗಟ್ಟಿ ಗಂಟು. “ನೋವೇ ಇಲ್ಲ ಡಾಕ್ಟ್ರೇ, ಹಚ್ಚಲು ಏನಾದರೂ ಕೊಡಿ” ಎಂದರು. ನೋವಿಲ್ಲದಿರುವುದೇ ಈ ರೋಗದ ಮೋಸ. ಅಂದೇ ಆಸ್ಪತ್ರೆಗೆ ಕಳುಹಿಸಿದೆ; ಆದರೆ ಕಳೆದ ಆರು ತಿಂಗಳನ್ನು ಮರಳಿ ಕೊಡುವ ಮದ್ದು ಯಾರಲ್ಲೂ ಇರಲಿಲ್ಲ.

‘ಚೂರು ಕತ್ತರಿಸಿ ಪರೀಕ್ಷಿಸಿದರೆ ರೋಗ ಮೈಯೆಲ್ಲ ಹರಡುತ್ತದೆ’ ಎಂದು ಹೆದರಿ ಬಯಾಪ್ಸಿಯಿಂದ ತಪ್ಪಿಸಿಕೊಳ್ಳುವವರೂ ಇದ್ದಾರೆ. ಬಯಾಪ್ಸಿಗೆ ಹೆದರಬೇಡಿ, ತಡಮಾಡುವುದಕ್ಕೆ ಹೆದರಿ. ನಮ್ಮ ಮಂಜನ, ಮುಕ್ಕಳಿಸುವ ಕಷಾಯಗಳು ವಸಡಿಗೆ ಹಿತ ನೀಡಬಲ್ಲವು. ಕ್ಯಾನ್ಸರಿಗೆ ಅವು ಚಿಕಿತ್ಸೆಯಲ್ಲ. ಅನುಮಾನದ ಹುಣ್ಣಿಗೆ ತಿಂಗಳುಗಟ್ಟಲೆ ಪುಡಿ ಕೊಟ್ಟು ಕೂರಿಸುವ ವೈದ್ಯ, ಅವನು ಯಾವ ಪದ್ಧತಿಯವನಾದರೂ, ರೋಗಿಗೆ ಅನ್ಯಾಯ ಮಾಡುತ್ತಾನೆ.

ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೂ ಪಾನ್ ಮಸಾಲಾ ಮತ್ತು ತಂಬಾಕನ್ನು ಬೇರೆ ಬೇರೆ ಪೊಟ್ಟಣದಲ್ಲಿ ಕೊಂಡು ಬೆರೆಸಿ ಜಗಿಯುವುದು ನಿಂತಿಲ್ಲ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೇ. ಇದನ್ನು ಬಿಡುವುದೇ ಮೊದಲ ಮದ್ದು.

ವುಝೂ ಮಾಡುವಾಗ ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸುತ್ತೇವೆ. ವಾರಕ್ಕೊಮ್ಮೆಯಾದರೂ ಆಗ ಕನ್ನಡಿಯಲ್ಲಿ ಬಾಯೊಳಗೆ ನೋಡಿ. ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಬೆರಳಾಡಿಸಿ. ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು, ಕರಗದ ಗಂಟು ಕಂಡರೆ ಮರುದಿನವೇ ಆಸ್ಪತ್ರೆಗೆ ಹೋಗಿ. ಮನೆಯ ಹಿರಿಯರು ಹಿಂಜರಿದರೆ, ನೀವೇ ಕೈಹಿಡಿದು ಕರೆದೊಯ್ಯಿರಿ.