‘ಇದರಲ್ಲಿ ಗೋಧಿ ಇದೆ’ ಎಂದು ಕನ್ನಡದಲ್ಲಿ ಬರೆಯಲು ಇವರಿಗೇನು ರೋಗ?



ನಿಮ್ಮ ಅಡುಗೆಮನೆಯ ಇಂಗಿನ ಡಬ್ಬಿಯನ್ನು ಒಮ್ಮೆ ಕೈಗೆ ತೆಗೆದುಕೊಳ್ಳಿ. ಹಿಂಬದಿಗೆ ತಿರುಗಿಸಿ ಓದಿ. ಇರುವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ, ಬಹಳಷ್ಟು ಡಬ್ಬಿಗಳ ಮೇಲೆ, ‘ವೀಟ್ ಫ್ಲೋರ್’ ಎಂದಿರುತ್ತದೆ. ಅಂದರೆ ಗೋಧಿ ಹಿಟ್ಟು! ಶುದ್ಧ ಇಂಗು ಬಹಳ ಘಾಟು. ಅದಕ್ಕೇ ಹಿಟ್ಟು, ಗೋಂದು ಸೇರಿಸಿ ಮಾರುತ್ತಾರೆ. ಕಾನೂನೂ ಇದಕ್ಕೆ ಒಪ್ಪುತ್ತದೆ. ನಿಮಗೆ ಇಂಗ್ಲಿಷ್ ಬರುತ್ತದೆ, ಓದಿದಿರಿ. ಆದರೆ ಒಗ್ಗರಣೆ ಹಾಕುವವಳು ಯಾರು? ನಿಮ್ಮ ಅವ್ವ. ಅವಳಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಆ ಡಬ್ಬಿ ಮಾತ್ರ ಅವಳ ಜೊತೆ ಮಾತಾಡುವುದಿಲ್ಲ.

‘ಚಿಟಿಕೆ ಇಂಗಿಗೆ ಇಷ್ಟೊಂದು ಗದ್ದಲವೇ’ ಎಂದು ನಗಬೇಡಿ. ಆ ಚಿಟಿಕೆಯಿಂದ ಹಾಸಿಗೆ ಹಿಡಿಯುವವರು ನಮ್ಮ ಊರುಗಳಲ್ಲೂ ಇದ್ದಾರೆ.

ರೋಗ ಯಾವುದು?

ಸೀಲಿಯಾಕ್ ಎಂಬ ಕಾಯಿಲೆ. ಗೋಧಿ, ಜವೆಗೋಧಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟಿನ ಅಂಶ ಇರುತ್ತದೆ. ಚಪಾತಿ ಹಿಟ್ಟನ್ನು ಎಳೆದರೆ ರಬ್ಬರಿನಂತೆ ಜಗ್ಗುವುದು ಈ ಅಂಟಿನಿಂದಲೇ. ಈ ಕಾಯಿಲೆ ಇದ್ದವರು ಅದನ್ನು ತಿಂದರೆ ದೇಹ ತನ್ನ ಸಣ್ಣ ಕರುಳಿನ ಮೇಲೆ ತಾನೇ ದಾಳಿ ಮಾಡುತ್ತದೆ. ಕರುಳಿನ ಒಳಪದರ ಸವೆಯುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಬೆಳೆಯದ ಮಕ್ಕಳು, ಸವೆದ ಮೂಳೆ. ಗೋಧಿಗೂ ಈ ಕಾಯಿಲೆಗೂ ನಂಟಿದೆ ಎಂದು ತೋರಿಸಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. 1950ರಲ್ಲಿ ಅವರು ಅದನ್ನು ಪ್ರಬಂಧವಾಗಿ ಬರೆದರು. ಅಷ್ಟು ವರ್ಷ ಕಳೆದರೂ ಗುಣಪಡಿಸುವ ಗುಳಿಗೆ ಬಂದಿಲ್ಲ. ಪಥ್ಯವೇ ಔಷಧ, ಅದೂ ಜೀವನಪೂರ್ತಿ.

‘ಇದು ಉತ್ತರದವರ ರೋಗ, ನಮಗೇಕೆ?’ ಎನ್ನುವ ಜಾಣರಿದ್ದಾರೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉತ್ತರ ಭಾರತದ ವಯಸ್ಕರಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10 ಎಂದು ಬಂದಿದೆ. ಒಪ್ಪಿದೆ. ಸಾವಿರಕ್ಕೆ ಒಬ್ಬರು. ಆದರೆ 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಜನಸಂಖ್ಯೆ 25 ಲಕ್ಷ ದಾಟಿತ್ತು. ಆ ಸಣ್ಣ ಲೆಕ್ಕವನ್ನೇ ಹಿಡಿದರೂ ಎರಡೂವರೆ ಸಾವಿರ ಜನ! ಅವರು ಮನುಷ್ಯರಲ್ಲವೇ? ಅವರು ಓದುವುದು ಯಾವ ಭಾಷೆ?

ಜೋಳದ ನಾಡಿನಲ್ಲಿ ಗೋಧಿಯ ಕಳ್ಳಬೆಳಕಿಂಡಿ

ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಜೋಳ ಮತ್ತು ತೊಗರಿಯ ಸೀಮೆ. ನಮ್ಮ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಜುಣಕ, ಅನ್ನ. ಇವುಗಳಲ್ಲಿ ಗ್ಲುಟೆನ್ ಎಲ್ಲಿದೆ? ಬೆಂಗಳೂರು, ಹೈದರಾಬಾದಿನ ಮಾಲ್‌ಗಳಲ್ಲಿ ‘ಗ್ಲುಟೆನ್ ಫ್ರೀ’ ಎಂದು ಇಂಗ್ಲಿಷಿನಲ್ಲಿ ಬರೆದು ದುಬಾರಿ ಬೆಲೆಗೆ ಮಾರುವುದನ್ನು ನಮ್ಮ ಅಜ್ಜಿಯರು ಹಂಚಿನ ಮೇಲೆ ಬಡಿಯುತ್ತಲೇ ಬಂದಿದ್ದಾರೆ. ಆದರೂ ವೈದ್ಯರು ಕೈಗಿಡುವ ಇಂಗ್ಲಿಷ್ ಪಥ್ಯದ ಚೀಟಿಯಲ್ಲಿ ಹೆಚ್ಚಾಗಿ ಇರುವುದು ಕಿನೋವಾ! ಜೋಳದ ಹೆಸರೇ ಇಲ್ಲದ ಪಥ್ಯ ನಮಗೇಕೆ?

ಆದರೆ ಜೋಳ ತಿಂದರೂ ಗೋಧಿ ಹೊಕ್ಕುತ್ತದೆ, ಕಳ್ಳನಂತೆ. ಎಲ್ಲಿಂದ ಎಂದು ಕೇಳಿ.

ಒಂದು, ಗಿರಣಿ. ಹಿಂದಿನವರ ಗೋಧಿ ಬೀಸಿದ ಕಲ್ಲಿಗೇ ನಿಮ್ಮ ಜೋಳ ಸುರಿಯುತ್ತಾರೆ. ಕಲ್ಲಿನೊಳಗೆ ಉಳಿದ ಹಿಟ್ಟು ನಿಮ್ಮ ಡಬ್ಬಿಗೆ ಬರುತ್ತದೆ. ಎರಡು, ಮನೆ. ಒಂದೇ ಪರಾತದಲ್ಲಿ ಚಪಾತಿ ಹಿಟ್ಟು ನಾದಿ, ಅದರಲ್ಲೇ ರೊಟ್ಟಿ ಬಡಿಯುವುದು. ಮೂರು, ಬಂಡಿ ಅಂಗಡಿ. ಮೈದಾದ ಸಮೋಸಾ ಕರಿದ ಎಣ್ಣೆಯಲ್ಲೇ ಕಡಲೆಹಿಟ್ಟಿನ ಭಜಿ. ಗೋಬಿ ಮಂಚೂರಿಗೆ ಮೈದಾ, ಅದರ ಮೇಲೆ ಸೋಯಾ ಸಾಸ್. ಬಹುತೇಕ ಸೋಯಾ ಸಾಸಿನಲ್ಲೂ ಗೋಧಿ! ನಾಲ್ಕು, ಉಪ್ಪಿಟ್ಟಿನ ರವೆ, ಶಾವಿಗೆ, ಹೋಳಿಗೆಯ ಕಣಕ, ಸಜ್ಜಕ. ಇವೆಲ್ಲ ಗೋಧಿಯೇ ಎಂದು ಎಷ್ಟು ಜನರಿಗೆ ಹೊಳೆಯುತ್ತದೆ? ಐದು, ಹಾಲಿಗೆ ಹಾಕುವ ಮಾಲ್ಟ್ ಪುಡಿ. ಮಾಲ್ಟ್ ಎಂದರೆ ಸಾಮಾನ್ಯವಾಗಿ ಮೊಳಕೆ ಬರಿಸಿದ ಜವೆಗೋಧಿ. ಗಿರಣಿಗೂ ಪರಾತಕ್ಕೂ ನಾವೇ ದಾರಿ ಹುಡುಕಬಹುದು. ಪೊಟ್ಟಣದೊಳಗೆ ಮುಚ್ಚಿಟ್ಟದ್ದನ್ನು ಪೊಟ್ಟಣವೇ ಹೇಳಬೇಕು!

ಕಾನೂನು ಯಾರ ಪರ?

ಕಾನೂನು ಇಲ್ಲವೆಂದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಗ್ಲುಟೆನ್ ಇರುವ ಧಾನ್ಯ ಸೇರಿದ್ದರೆ ಪೊಟ್ಟಣದ ಮೇಲೆ ಹೇಳಲೇಬೇಕು. ‘ಗ್ಲುಟೆನ್ ಮುಕ್ತ’ ಎನ್ನಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದು. ಭೇಷ್! ಆದರೆ ಯಾವ ಭಾಷೆಯಲ್ಲಿ ಹೇಳಬೇಕು? ಅದೇ ನಿಯಮ ಹೇಳುತ್ತದೆ: ಇಂಗ್ಲಿಷಿನಲ್ಲಿ, ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿ. ಬೇರೆ ಭಾಷೆ ಬೇಕಾದರೆ ಜೊತೆಗೆ ಹಾಕಿಕೊಳ್ಳಬಹುದಂತೆ. ‘ಬೇಕಾದರೆ’! ನಮ್ಮ ಜೀವದ ಮಾತು ಅವರ ಇಷ್ಟಕ್ಕೆ ಬಿಟ್ಟದ್ದು!

ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕನ್ನಡದ ಮೊದಲ ಗ್ರಂಥವೆನಿಸಿದ ‘ಕವಿರಾಜಮಾರ್ಗ’ ಒಂಬತ್ತನೇ ಶತಮಾನದಲ್ಲಿ ಹುಟ್ಟಿದ್ದು ನೃಪತುಂಗನ ಆ ಆಸ್ಥಾನದಲ್ಲಿ. ಅದೇ ಮಳಖೇಡದ ಕಿರಾಣಿ ಅಂಗಡಿಯಲ್ಲಿ ಇಂದು ಬಿಸ್ಕತ್ತಿನ ಪೊಟ್ಟಣವೊಂದು ಕನ್ನಡದ ತಾಯಿಗೆ ‘ನಿನ್ನ ಮಗುವಿಗೆ ಇದು ವಿಷ’ ಎಂದು ಅವಳ ಭಾಷೆಯಲ್ಲಿ ಹೇಳಲಾರದು. ನಾಚಿಕೆಯಾಗಬೇಕಾದ್ದು ಯಾರಿಗೆ?

ರಾಜ್ಯದಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಇದೆ. ರಾಜ್ಯದಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2025ರಲ್ಲಿ ಸರ್ಕಾರ ಆದೇಶವನ್ನೂ ಹೊರಡಿಸಿತು. ಸ್ವಾಗತ. ಆದರೆ ಹೆಸರು ಕನ್ನಡದಲ್ಲಿದ್ದು ಒಳಗೇನಿದೆ ಎಂಬುದು ಇಂಗ್ಲಿಷಿನಲ್ಲೇ ಉಳಿದರೆ ಏನು ಬಂತು? ಹೊರಗಿನಿಂದ ಲಾರಿ ತುಂಬಿ ಬರುವ ಪೊಟ್ಟಣಗಳ ಗತಿ ಏನು?

ಮುದ್ರಕನ ಸಾಕ್ಷಿ

ನಾನು ಪಿಯುಸಿ ಓದಿ ಪ್ರೆಸ್ ಹಾಕಿದವನು. ದೊಡ್ಡ ಮಾತು ನನಗೆ ಬಾರದು, ಮಸಿ ಮತ್ತು ಪ್ಲೇಟಿನ ಮಾತು ಬರುತ್ತದೆ. ‘ಕನ್ನಡ ಹಾಕಿದರೆ ಖರ್ಚು’ ಎಂದು ಕಂಪನಿಗಳು ಹೇಳುವುದು ಹಸಿ ಸುಳ್ಳು. ಪೊಟ್ಟಣದ ಮೇಲೆ ಕಪ್ಪು ಬಣ್ಣದಲ್ಲಿ ಹೇಗೂ ಅಕ್ಷರ ಬರುತ್ತದೆ. ಅದೇ ಕಪ್ಪು ಪ್ಲೇಟಿನಲ್ಲಿ ಕನ್ನಡದ ಒಂದು ಸಾಲು ಸೇರಿಸಿದರೆ ಹೊಸ ಬಣ್ಣವೂ ಬೇಡ, ಹೊಸ ಓಟವೂ ಬೇಡ. ವಿನ್ಯಾಸ ಬದಲಿಸುವಾಗ ಒಮ್ಮೆ ಆಗುವ ಖರ್ಚು, ಅಷ್ಟೇ. ಹಬ್ಬಕ್ಕೊಂದು, ಕ್ರಿಕೆಟ್ಟಿಗೊಂದು ಎಂದು ಪೊಟ್ಟಣದ ವೇಷ ಬದಲಿಸುವವರಿಗೆ ‘ಇದರಲ್ಲಿ ಗೋಧಿ ಇದೆ’ ಎಂಬ ಮೂರು ಪದಕ್ಕೆ ಜಾಗವಿಲ್ಲವೇ? ಹಪ್ಪಳ, ಚಟ್ನಿಪುಡಿ ಮಾಡುವ ನಮ್ಮ ಹೆಣ್ಣುಮಕ್ಕಳ ಲೇಬಲ್ ನನ್ನ ಪ್ರೆಸ್ಸಿನಲ್ಲಿ ಅಚ್ಚಾಗುತ್ತದೆ. ಅವರು ಕನ್ನಡದಲ್ಲಿ ಒಳಗಿನದ್ದನ್ನೆಲ್ಲ ಬರೆಸುತ್ತಾರೆ. ಅವರಿಗೆ ಸಾಧ್ಯವಾದದ್ದು ಕೋಟಿಗಟ್ಟಲೆ ವ್ಯಾಪಾರದವರಿಗೆ ಯಾಕೆ ಸಾಧ್ಯವಿಲ್ಲ?

ತಪ್ಪಿ ತಿಂದಾಗ ಏನು ಮಾಡಬೇಕು?

ಇಷ್ಟು ಬೈದ ಮೇಲೆ ಕೆಲಸದ ಮಾತೂ ಹೇಳಬೇಕು. ಇದು ಕನ್ನಡದಲ್ಲಿ ಸಿಗುವುದು ಕಡಿಮೆ. ಕತ್ತರಿಸಿ ಇಟ್ಟುಕೊಳ್ಳಿ.

ಗೊತ್ತಿಲ್ಲದೆ ಗೋಧಿ ಹೊಟ್ಟೆಗೆ ಹೋದರೆ ಕೆಲವರಿಗೆ ಗಂಟೆಗಳಲ್ಲೇ ವಾಂತಿ, ಭೇದಿ, ನೋವು ಶುರು. ಕೆಲವರಿಗೆ ಮರುದಿನ. ಕೆಲವರಿಗೆ ಹೊರಗೆ ಏನೂ ಕಾಣದು, ಒಳಗೆ ಹಾನಿ ಆಗುತ್ತಿರುತ್ತದೆ. ಅದನ್ನು ಹೊರಹಾಕುವ ಗುಳಿಗೆ ಇಲ್ಲ. ಬೆರಳು ಹಾಕಿ ವಾಂತಿ ಮಾಡಬೇಡಿ, ಜುಲಾಬು ತೆಗೆದುಕೊಳ್ಳಬೇಡಿ. ವಿಶ್ರಾಂತಿ ತೆಗೆದುಕೊಳ್ಳಿ. ಭೇದಿಯಿದ್ದರೆ ಓಆರ್‌ಎಸ್ ಕುಡಿಯಿರಿ. ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಮಟ್ಟಸವಾಗಿ ಅಳೆದು ಹಾಕಿ. ಅಕ್ಕಿ ಗಂಜಿ, ಮೆತ್ತನೆ ಅನ್ನ, ತಿಳಿ ಬೇಳೆಕಟ್ಟು ಸಾಕು. ಕೆಲವು ದಿನ ಹಾಲು ಒಗ್ಗದಿರಬಹುದು, ಆಗ ಬಿಡಿ. ರಕ್ತ ಹೋದರೆ, ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಚಿಕ್ಕ ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ತುಟಿ ಊದಿ ಉಸಿರು ಕಟ್ಟಿದರೆ ಅದು ಸೀಲಿಯಾಕ್ ಅಲ್ಲ, ಗೋಧಿಯ ಅಲರ್ಜಿ ಇರಬಹುದು. ಒಂದು ನಿಮಿಷವೂ ಕಾಯಬೇಡಿ.

ಮುಖ್ಯವಾದದ್ದು: ‘ಒಮ್ಮೆ ಕೆಟ್ಟಿತು, ಇನ್ನೇನು’ ಎಂದು ಪಥ್ಯ ಬಿಡಬೇಡಿ. ಮುಂದಿನ ತುತ್ತಿನಿಂದಲೇ ಮತ್ತೆ ಹಿಡಿಯಿರಿ. ಏನು ತಿಂದಿರಿ, ಎಲ್ಲಿ ತಿಂದಿರಿ ಎಂದು ಬರೆದಿಡಿ. ಪೊಟ್ಟಣ ಎಸೆಯಬೇಡಿ. ಪದೇ ಪದೇ ಆಗುತ್ತಿದ್ದರೆ ವೈದ್ಯರಿಗೆ ತೋರಿಸಿ. ಇನ್ನೊಂದು: ಅನುಮಾನ ಬಂತೆಂದು ನೀವೇ ಗೋಧಿ ಬಿಟ್ಟು ಕುಳಿತುಕೊಳ್ಳಬೇಡಿ. ಗೋಧಿ ತಿನ್ನುತ್ತಿರುವಾಗಲೇ ರಕ್ತ ಪರೀಕ್ಷೆ ಆಗಬೇಕು. ಬಿಟ್ಟ ಮೇಲೆ ಮಾಡಿದರೆ ರೋಗ ಇದ್ದರೂ ಸಿಕ್ಕದೆ ಹೋಗಬಹುದು.

ಇನ್ನು ನಿಮ್ಮ ಸರದಿ

ಗಿರಣಿಯವರ ಹತ್ತಿರ ಹೋಗಿ, ‘ಅಣ್ಣಾ, ಒಂದು ಕಲ್ಲು ಬರೇ ಜೋಳಕ್ಕ ಇಡ್ರಿ’ ಎಂದು ಕೈಮುಗಿದು ಕೇಳಿ. ಎರಡು ಯಂತ್ರ ಇದ್ದವರು ಒಪ್ಪುತ್ತಾರೆ. ಓಣಿಯ ಕಿರಾಣಿ ಅಂಗಡಿಯಲ್ಲಿ ಕುಳಿತು, ಗೋಧಿ ಇರುವ ಪೊಟ್ಟಣಗಳ ಹೆಸರನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ಒಂದು ಭಾನುವಾರದ ಕೆಲಸ. ಕಂಪನಿಗಳಿಗೆ, ಆಹಾರ ಸುರಕ್ಷತಾ ಅಧಿಕಾರಿಗೆ, ನಿಮ್ಮ ಶಾಸಕರಿಗೆ ಕನ್ನಡದಲ್ಲೇ ಪತ್ರ ಬರೆಯಿರಿ. ಬೇಡಿಕೆ ಒಂದೇ: ಕರ್ನಾಟಕದಲ್ಲಿ ಮಾರುವ ಪ್ರತಿ ಆಹಾರದ ಪೊಟ್ಟಣದ ಮೇಲೆ, ಒಳಗೇನಿದೆ ಎಂಬುದು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇರಬೇಕು. ಕಡ್ಡಾಯವಾಗಿ!

ರಾಜ್ಯೋತ್ಸವಕ್ಕೆ ಬಾವುಟ ಹಿಡಿದರೆ ಸಾಲದು, ತಮ್ಮಂದಿರೇ. ಅವ್ವನ ಅಡುಗೆಮನೆಯ ಡಬ್ಬಿಯ ಮೇಲೆ ಕನ್ನಡ ಬರಲಿ. ಅದು ಬರುವವರೆಗೆ ಬಿಡಬೇಡಿ!