ಲೋಹವೂ ಲೋಕವೂ: ಕೋಲಾರ ಚಿನ್ನದ ಗಣಿಯ ಲೆಕ್ಕ

ಮಾನವನ ನಾಗರಿಕತೆಯನ್ನು ಶಿಲಾಯುಗ, ಕಂಚಿನ ಯುಗ, ಕಬ್ಬಿಣದ ಯುಗ ಎಂದು ವಿಂಗಡಿಸುವುದು ಇತಿಹಾಸಕಾರರ ರೂಢಿ. (ದಕ್ಷಿಣ ಭಾರತದಲ್ಲಿ ಕಂಚಿನ ಯುಗವೆಂಬುದು ಪ್ರತ್ಯೇಕವಾಗಿ ಕಾಣುವುದೇ ಇಲ್ಲ, ನೂತನ ಶಿಲಾಯುಗದ ಬೆನ್ನಿಗೇ ಕಬ್ಬಿಣ ಬಂದಿತೆಂಬುದು ಬೇರೆಯ ಮಾತು.) ಈ ವಿಂಗಡಣೆಯಿಂದ ಲೋಹದಲ್ಲಿ ಏನೇನನ್ನು ಮಾಡಿದರೆಂಬುದು ತಿಳಿಯುತ್ತದೆಯೇ ಹೊರತು, ಅದನ್ನು ನೆಲದೊಳಗಿನಿಂದ ಮೇಲಕ್ಕೆ ತಂದವರು ಯಾರು, ಅವರ ಗತಿ ಏನಾಯಿತು ಎಂಬುದು ತಿಳಿಯುವುದಿಲ್ಲ. ಪಾಠಶಾಲೆಗಳ ರಸಾಯನಶಾಸ್ತ್ರವೂ ಇದೇ ದಾರಿಯನ್ನು ಹಿಡಿದಿದೆ. ಚಿನ್ನದ ಪರಮಾಣು ಸಂಖ್ಯೆ 79, ಅದು ತುಕ್ಕು ಹಿಡಿಯದು, ಅದನ್ನು ತೆಳುವಾದ ತಗಡಾಗಿ ಬಡಿಯಬಹುದು ಎಂದು ವಿದ್ಯಾರ್ಥಿ ತಡವರಿಸದೆ ಒಪ್ಪಿಸುತ್ತಾನೆ. ಆ ಲೋಹಕ್ಕಾಗಿ ಕೋಲಾರ ಜಿಲ್ಲೆಯಲ್ಲಿ ಮನುಷ್ಯರು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿದ್ದರೆಂಬುದು ಅವನ ಪಾಠದಲ್ಲಿ ಎಷ್ಟು ಸಾಲುಗಳನ್ನು ಪಡೆದಿದೆ? ಲೋಹವೊಂದು ಕೈಗಾರಿಕೆಗೆ, ವಿಜ್ಞಾನಕ್ಕೆ, ಸಮಾಜಕ್ಕೆ ಕೊಟ್ಟುದನ್ನೂ ಕಿತ್ತುಕೊಂಡುದನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಬೇಕಾದರೆ, ಕನ್ನಡ ನಾಡಿನಲ್ಲಿ ಈ ಗಣಿಗಿಂತ ತಕ್ಕ ನಿದರ್ಶನ ಸಿಗುವುದು ಕಷ್ಟ.

ಆ ಸೀಮೆಯ ಜನರು ಬಹು ಹಿಂದಿನಿಂದಲೂ ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುತ್ತಿದ್ದರು. 19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಸೇನಾಧಿಕಾರಿ ಜಾನ್ ವಾರೆನ್ ಅದನ್ನು ಕಂಡು ವರದಿ ಮಾಡಿದನು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯು ಕೈಹಾಕಿದ ತರುವಾಯ ಯಂತ್ರಬಲದ ಗಣಿಗಾರಿಕೆ ನೆಲೆಗೊಂಡಿತು. ಯಂತ್ರಗಳು ನಡೆಯಲು ಶಕ್ತಿ ಬೇಕು. ಬಯಲುಸೀಮೆಯ ಆ ನೆಲಕ್ಕೆ ಕಲ್ಲಿದ್ದಲು ದೂರದಿಂದ ಬರಬೇಕು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸರ್ಕಾರದ ದೃಷ್ಟಿ ಶಿವನಸಮುದ್ರದಲ್ಲಿ ಧುಮ್ಮಿಕ್ಕುವ ಕಾವೇರಿಯತ್ತ ಹರಿಯಿತು. 1902ರ ಜೂನ್ ತಿಂಗಳಲ್ಲಿ ಅಲ್ಲಿ ಉತ್ಪನ್ನವಾದ ವಿದ್ಯುತ್ತು ಸುಮಾರು 147 ಕಿಲೋಮೀಟರುಗಳ ತಂತಿಯ ಮೇಲೆ ಸಾಗಿ ಗಣಿಯನ್ನು ಮುಟ್ಟಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ದುದು ಆಗಿನ ಜಗತ್ತಿನಲ್ಲೇ ಅಪರೂಪದ ಸಾಹಸ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ; ಮೊದಲು ಗಣಿಗೆ, ಆಮೇಲೆ ನಗರಕ್ಕೆ. ಚಿನ್ನದಿಂದ ಒಂದು ನೇಗಿಲ ಗುಳವನ್ನೂ ಮಾಡಲಾಗದು. ಆದರೂ ಅದರ ಮೇಲಿನ ಆಸೆಯು ಒಂದು ಸಂಸ್ಥಾನವನ್ನು ವಿದ್ಯುದ್ಯುಗಕ್ಕೆ ಕೈಹಿಡಿದು ನಡೆಸಿತು. ಈ ಉಪಕಾರವನ್ನು ಲೆಕ್ಕದಿಂದ ಅಳಿಸುವುದು ನ್ಯಾಯವಲ್ಲ.

ವಿಜ್ಞಾನಕ್ಕೆ ಆದ ಲಾಭ ಇನ್ನೂ ವಿಸ್ಮಯಕರವಾದುದು. ಆಕಾಶದಿಂದ ಎಡೆಬಿಡದೆ ಸುರಿಯುವ ವಿಶ್ವಕಿರಣಗಳನ್ನು ಅಭ್ಯಸಿಸುವವರಿಗೆ ಆಳವಾದ ಗಣಿಯೊಂದು ಸಿದ್ಧ ಪ್ರಯೋಗಶಾಲೆ. ಮೇಲಿನ ಬಂಡೆಯೇ ಜರಡಿಯಾಗಿ ಬೇರೆಲ್ಲ ಕಣಗಳನ್ನು ತಡೆದು ನಿಲ್ಲಿಸುತ್ತದೆ. ನ್ಯೂಟ್ರಿನೊ ಎಂಬ ಕಣವೊಂದೇ ಅದನ್ನು ಲೆಕ್ಕಿಸದೆ ತೂರಿಹೋಗುತ್ತದೆ. ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪರವಾಗಿ 1950ರ ದಶಕದಲ್ಲಿಯೇ ಈ ಗಣಿಯಲ್ಲಿ ಇಳಿದು ಅಳತೆಗಳನ್ನು ಮಾಡಿದ್ದರು. 1965ರಲ್ಲಿ ಆ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರೊಡನೆ ಸೇರಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವನ್ನು ಪತ್ತೆಹಚ್ಚಿದರು. ಅದೇ ವರ್ಷ ಇದೇ ಸಾಧನೆ ದಕ್ಷಿಣ ಆಫ್ರಿಕದಲ್ಲಿಯೂ ನಡೆಯಿತು. ಅದೂ ಚಿನ್ನದ ಗಣಿಯೇ! 1980ರ ದಶಕದಲ್ಲಿ ಪ್ರೋಟಾನು ತಾನಾಗಿ ಕ್ಷಯಿಸುವುದೇ ಎಂಬುದನ್ನು ಅರಿಯಲು ಸುಮಾರು 140 ಟನ್ ತೂಕದ ಉಪಕರಣವನ್ನು ಅದೇ ಗಣಿಯಲ್ಲಿ ನಿಲ್ಲಿಸಿದರು. ಅದರ ತೂಕದ ಬಹುಭಾಗ ಕಬ್ಬಿಣದ ಫಲಕಗಳದು. ಚಿನ್ನವನ್ನು ತೆಗೆದ ಗುಹೆಗೆ ಕಬ್ಬಿಣವನ್ನು ಇಳಿಸಿ ಸೃಷ್ಟಿಯ ಮೂಲವನ್ನು ಕೆದಕಿದ ಈ ಪ್ರಸಂಗವನ್ನು ವಿಜ್ಞಾನದ ಅಧ್ಯಾಪಕರು ತರಗತಿಯಲ್ಲಿ ಹೇಳಲೇಬೇಕು.

ಇನ್ನು ಲೆಕ್ಕದ ಮತ್ತೊಂದು ಮಗ್ಗಲು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ತಂಪುಗಾಳಿಯನ್ನು ಕೆಳಗೆ ಕಳುಹಿಸುವ ಯಂತ್ರಗಳಿದ್ದರೂ ದುಡಿಮೆ ಬೆಂಕಿಯೊಡನೆಯೇ. ಮೇಲಿನ ಭಾರವನ್ನು ತಾಳಲಾರದೆ ಬಂಡೆಯು ಗುಂಡಿನಂತೆ ಸಿಡಿಯುವುದುಂಟು. ಆ ಸಿಡಿತಗಳಿಗೆ ಬಲಿಯಾದವರು ಅನೇಕರು. ಇವೆಲ್ಲ ಕಣ್ಣಿಗೆ ಕಾಣುವ ಅಪಾಯಗಳು. ಕಾಣದ ಅಪಾಯ ಧೂಳಿನದು. ಗಟ್ಟಿಗಲ್ಲನ್ನು ಕೊರೆಯುವಾಗ ಏಳುವ ಸಿಲಿಕದ ಧೂಳು ಶ್ವಾಸಕೋಶವನ್ನು ಸೇರಿ, ವರ್ಷಗಳ ತರುವಾಯ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವಾಗುತ್ತದೆ. 1940ರ ದಶಕದಲ್ಲಿ ಈ ಗಣಿಯ 7,653 ಮಂದಿ ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡಾ 43.7ರಷ್ಟು ಜನರಲ್ಲಿ ಅದು ಕಂಡುಬಂದಿತು. ನೂರರಲ್ಲಿ ನಲವತ್ತನಾಲ್ಕು ಎದೆಗಳು! ಇವರಲ್ಲಿ ಬಹುಪಾಲು ಜನ ಆರ್ಕಾಟು ಸೀಮೆಯಿಂದ ಹೊಟ್ಟೆಪಾಡಿಗಾಗಿ ಬಂದ, ತಮಿಳನ್ನಾಡುವ, ಸಮಾಜದ ಕಡೆಯ ಮೆಟ್ಟಿಲಿನ ಬಡವರು. ಲಂಡನ್ನಿನ ಷೇರುದಾರನಿಗೆ ಇವರ ಹೆಸರೂ ತಿಳಿದಿರಲಿಲ್ಲ. ಚಿನ್ನದ ಸರವನ್ನು ತೊಟ್ಟ ಈ ನಾಡಿನ ಗೃಹಿಣಿಗೂ ತಿಳಿದಿರಲಿಲ್ಲ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. ಒಡೆತನ ಬದಲಾಯಿತೇ ವಿನಾ ಅದಿರಿನಲ್ಲಿ ಚಿನ್ನದ ಅಂಶ ಕುಗ್ಗುತ್ತಲೇ ಬಂದಿತು. ಕೊನೆಗೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸುಮಾರು 120 ವರ್ಷಗಳಲ್ಲಿ 800 ಟನ್ ಚಿನ್ನವನ್ನು ಕೊಟ್ಟ ಊರಿಗೆ ಉಳಿದುದು, ಸಯನೈಡ್ ದ್ರಾವಣದಿಂದ ಚಿನ್ನವನ್ನು ಹೀರಿಕೊಂಡ ಮೇಲೆ ಎಸೆದ ಮೂರು ಕೋಟಿ ಟನ್ನಿಗೂ ಮಿಗಿಲಾದ ಹುಡಿಮಣ್ಣಿನ ದಿಬ್ಬಗಳು. ಬೇಸಿಗೆಯ ಗಾಳಿಗೆ ಆ ಹುಡಿ ಮನೆಮನೆಯನ್ನು ಹೊಗುತ್ತದೆ. ಊರಿನ ಸಾವಿರಾರು ಮಂದಿ ನಸುಕಿನಲ್ಲೆದ್ದು ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಯಾವುದೋ ಕಾರ್ಖಾನೆಯಲ್ಲಿಯೋ ಅಂಗಡಿಯಲ್ಲಿಯೋ ದುಡಿದು, ರಾತ್ರಿ ಮನೆಗೆ ಮರಳುತ್ತಾರೆ. ಒಂದು ಕಾಲದಲ್ಲಿ ಬೆಂಗಳೂರಿಗಿಂತ ಮೊದಲೇ ವಿದ್ಯುತ್ತನ್ನು ಕಂಡ ಊರಿದು.

ಇದು ಚಿನ್ನದ ದೋಷ, ಕಬ್ಬಿಣದ ಕಥೆಯೇ ಬೇರೆ ಎನ್ನುವವರುಂಟು. ಭಾಗಶಃ ನಿಜ. ಭದ್ರಾವತಿಯಲ್ಲಿ 1923ರ ಜನವರಿಯಲ್ಲಿ ಕೆಲಸ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯು ಕೆಮ್ಮಣ್ಣುಗುಂಡಿಯ ಅದಿರನ್ನು ನಾಡಿನೊಳಗೇ ಕರಗಿಸಿ ಲೋಹ ಮಾಡಿತು. ಎರಕ ಹೊಯ್ಯುವವನ, ಫಿಟ್ಟರನ, ಟರ್ನರನ ವಿದ್ಯೆ ಕೈಯಿಂದ ಕೈಗೆ ದಾಟಿತು; ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿ ಇದ್ದುದು ಇಲ್ಲಿಯೇ. ಆದರೆ ಆ ಕುಲುಮೆಗೆ ಇದ್ದಲಾಗಿ ಮಲೆನಾಡಿನ ಕಾಡು ಉರಿದುದೂ ನಿಜ. ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ, ಅದೇ ವರ್ಷ ಒಂದಷ್ಟು ಭಾಗ ಮತ್ತೆ ತಿರುಗಿದರೂ, ಪಟ್ಟಣಕ್ಕೆ ಪಟ್ಟಣವೇ ಕಂಗೆಟ್ಟಿತು. ಕೋಲಾರದಂತೆ ಅಲ್ಲಿಯೂ ಮುಂದೇನೆಂದು ಮೊದಲೇ ಯೋಚಿಸಿದವರಿರಲಿಲ್ಲ.

ಕುಲುಮೆಯನ್ನು ಹೊತ್ತಿಸುವ ದಿನವೇ ಅದು ಆರುವ ದಿನದ ಖರ್ಚನ್ನೂ ತೆಗೆದಿಡಬೇಕೆಂಬುದು ಅತಿಯಾದ ಬೇಡಿಕೆಯಲ್ಲ. ಬಳ್ಳಾರಿ ಸೀಮೆಯಲ್ಲಿ ಅಕ್ರಮ ಗಣಿಗಾರಿಕೆ ಮಿತಿಮೀರಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅದನ್ನು ತಡೆಯಬೇಕಾಯಿತು. 2015ರ ಕಾನೂನಿನಂತೆ ಗಣಿ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳಾಗಿ, ರಾಜಧನದ ಜೊತೆಗೆ ಇನ್ನೊಂದು ಪಾಲು ಗಣಿಯಿಂದ ನೊಂದ ಜನರಿಗೆಂದೇ ಬರುತ್ತಿದೆ. ಕೋಲಾರದ ಕಾರ್ಮಿಕನಿಗೆ ಇರದಿದ್ದ ಈ ಅನುಕೂಲ ಇಂದು ಸಂಡೂರಿನವನಿಗೂ, ರಾಯಚೂರು ಜಿಲ್ಲೆಯ ಹಟ್ಟಿಯವನಿಗೂ ಇದೆ. ಆ ಹಣ ಕಟ್ಟಡಕ್ಕೂ ರಸ್ತೆಗೂ ಕರಗುವ ಮುನ್ನ ಕಾರ್ಮಿಕರ ಎದೆಯ ಪರೀಕ್ಷೆಗೆ, ಧೂಳಿನ ದಿಬ್ಬಗಳ ಮೇಲೆ ಗಿಡ ನೆಡುವುದಕ್ಕೆ, ಗಣಿಯೂರಿನ ಮಕ್ಕಳಿಗೆ ಗಣಿಯಲ್ಲದ ಕಸುಬನ್ನು ಕಲಿಸುವುದಕ್ಕೆ ಸಲ್ಲಬೇಕು. ಹಟ್ಟಿಯಲ್ಲಿ ಇಂದಿಗೂ ಚಿನ್ನ ಬರುತ್ತಿದೆ. ಅದು ಬರುತ್ತಿರುವಾಗಲೇ ಆಗಬೇಕಾದ ಕೆಲಸವಿದು.